ಕನ್ನಡಿಯಲ್ಲಿ ಕಂಡ ಚಕ್ರವರ್ತಿ

ಮುಳಬಾಗಿಲು,
೧೨ ಜನವರಿ ೧೯೩೭

ಪೂಜ್ಯ ಅಣ್ಣನವರಿಗೆ ತಮ್ಮ ಕದಿರಾಚಾರಿಯ ನಮಸ್ಕಾರಗಳು.

ಅಪ್ಪ ತೀರಿಕೊಂಡ ಮೇಲೆ ಆರು ವರ್ಷ ನೀವು ಈ ಕಡೆ ಬರಲಿಲ್ಲ. ನಾನೂ ಕಾಗದ ಬರೆದು ತೊಂದರೆ ಕೊಡಲಿಲ್ಲ. ಈಗ ಬರೆಯದೆ ದಾರಿಯಿಲ್ಲ. ಗಣಿಯಿಂದ ಕದ್ದ ಚಿನ್ನ ಇಟ್ಟುಕೊಂಡಿದ್ದೇನೆಂದು ಪೊಲೀಸರು ನನ್ನ ಮೇಲೆ ಕೇಸು ಹಾಕಿದ್ದಾರೆ.

ನಡೆದದ್ದು ಇಷ್ಟು. ಶ್ರೀನಿವಾಸಪುರದ ಕಡೆಯ ಮುನಿಯಲ್ಲಮ್ಮ ಎಂಬ ವಿಧವೆ ಒಂದು ಚಿನ್ನದ ಕಾಸು ತಂದುಕೊಟ್ಟಳು. ಅವರ ಹಿರಿಯರು ರಾಗಿ ತುಂಬಿಡಲು ನೆಲದಲ್ಲಿ ಹಗೇವು ತೋಡುವಾಗ ಸಿಕ್ಕಿದ್ದಂತೆ. ಒಂದು ಮುಖದಲ್ಲಿ ಟೊಪ್ಪಿಗೆ ಹಾಕಿದ ದೊರೆ, ಇನ್ನೊಂದರಲ್ಲಿ ರೆಕ್ಕೆಯಿರುವ ಹೆಂಗಸು. ಆ ಹೆಂಗಸನ್ನೇ ಅವರು ಗಂಗಮ್ಮನೆಂದು ನಾಲ್ಕು ತಲೆಮಾರಿನಿಂದ ಕಳಶಕ್ಕೆ ಕಟ್ಟಿ ಪೂಜೆ ಮಾಡುತ್ತಿದ್ದಾರೆ. ದಾರ ಪೋಣಿಸಲು ಕೊರೆದಿದ್ದ ಎರಡು ತೂತು ಸವೆದು ಹರಿಯುವ ಹಾಗಿದ್ದವು. ಕೊಂಡಿ ಹಾಕಿಕೊಡು ಎಂದು ನನ್ನ ಹತ್ತಿರ ಬಿಟ್ಟುಹೋದಳು. ಮಾರನೆಯ ದಿನವೇ ಪೊಲೀಸರು ನಮ್ಮ ಬೀದಿಯ ಎಲ್ಲ ಮನೆಗಳನ್ನೂ ಶೋಧಿಸಿದರು. ಕಾಸು ನನ್ನ ಕೈಯಲ್ಲೇ ಇತ್ತು.

ಇನ್ಸ್‌ಪೆಕ್ಟರು ಅದನ್ನು ತಿರುಗಿಸಿ ನೋಡಿ, "ಏನಯ್ಯಾ ಆಚಾರಿ, ಇದ್ಯಾವ ದೊರೆ? ನಿಮ್ಮ ತಾತನಾ? ಗಣಿ ಚಿನ್ನ ಕರಗಿಸಿ ಅಚ್ಚು ಹೊಡೆದು ಹಳೇ ಕಾಸು ಅಂತ ಸಾಗಿಸ್ತೀಯಾ?" ಎಂದರು. ಗಣಿಯಿಂದ ಬರುವ ಚಿನ್ನದಲ್ಲಿ ಬೆಳ್ಳಿ ಬೆರೆತಿರುತ್ತದೆ, ಇದು ಅಪ್ಪಟ, ಒರೆ ಹಚ್ಚಿ ನೋಡಿ ಎಂದೆ. "ನೀನೇ ಶುದ್ಧಿ ಮಾಡಿರ್ತೀಯ, ನಿನ್ನ ಕಸುಬೇ ಅದಲ್ವಾ" ಎಂದರು. ಮುನಿಯಲ್ಲಮ್ಮ ಬಂದು ಗೋಳಾಡಿದರೂ ಅವಳನ್ನು ನಾನು ಹೇಳಿಕೊಟ್ಟು ಕರೆತಂದೆನೆಂದರು.

ಮ್ಯಾಜಿಸ್ಟ್ರೇಟರು ಒಂದು ದಾರಿ ತೋರಿಸಿದ್ದಾರೆ. "ಕೋಲಾರದ ಕೋದಂಡರಾಮ್ ಮೇಷ್ಟರು ನಿನ್ನ ಸ್ವಂತ ಅಣ್ಣನೇ ಅಂತೆ, ಹಳೇ ನಾಣ್ಯ ಬಲ್ಲವರಂತೆ. ಇದು ಹಳೇದು ಅಂತ ಅವರು ಬರೆದುಕೊಟ್ರೆ ನಿನ್ನನ್ನ ಬಿಟ್ಟುಬಿಡ್ತೀನಿ" ಎಂದಿದ್ದಾರೆ. ಕಾಸು ತಾಲ್ಲೂಕು ಕಚೇರಿಯ ಖಜಾನೆಯಲ್ಲಿದೆ. ದಯವಿಟ್ಟು ಒಂದು ದಿನ ಬಂದು ನೋಡಿ. ಇಲ್ಲದಿದ್ದರೆ ಆರು ತಿಂಗಳು ಜೈಲು. ಅದಕ್ಕಿಂತ ಹೆಚ್ಚಾಗಿ, ಕಳ್ಳನೆನಿಸಿಕೊಂಡ ಅಕ್ಕಸಾಲಿಯ ಕೈಗೆ ಆಮೇಲೆ ಯಾರೂ ಒಂದು ಗುಂಜಿ ಚಿನ್ನ ಕೊಡುವುದಿಲ್ಲ.

ನಿಮ್ಮ ತಮ್ಮ,
ಕದಿರಾಚಾರಿ


ಕೋಲಾರ,
೧೬ ಜನವರಿ ೧೯೩೭

ಚಿ. ಕದಿರಾಚಾರಿಗೆ ಆಶೀರ್ವಾದ.

ಹಬ್ಬದ ದಿನ ತಮ್ಮನ ಕಾಗದ ಬಂತೆಂದು ಬಿಚ್ಚಿದರೆ ಒಳಗೆ ಪೊಲೀಸು, ಕಳ್ಳಮಾಲು, ಕೋರ್ಟು. ನೀನು ಬರೆಯದೆ ಇದ್ದ ಆರು ವರ್ಷವೇ ಸುಖವಾಗಿತ್ತು.

ಮುಳಬಾಗಿಲಿಗೆ ನಾನು ಬರುವುದಿಲ್ಲ. ಮೂವತ್ತು ವರ್ಷ ಚರಿತ್ರೆ ಕಲಿಸಿ ನಿವೃತ್ತನಾಗಿದ್ದೇನೆ. ಈ ಜಿಲ್ಲೆಯ ಅರ್ಧ ಗುಮಾಸ್ತರೂ ಮುಕ್ಕಾಲು ವಕೀಲರೂ ನನ್ನ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು. ಅವರು ನೋಡುತ್ತಿರುವಾಗ ಠಾಣೆಯ ಜಗುಲಿಯಲ್ಲಿ ಕಾಯುತ್ತ ಕೂರುವ ಹಣೆಬರಹ ನನ್ನದಲ್ಲ. 'ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ' ಎಂದು ಊರು ಆಡುತ್ತದೆ. ಆ ಮಾತನ್ನು ಸುಳ್ಳು ಮಾಡುವ ಒಂದೇ ಒಂದು ಕೆಲಸ ನಿನಗಿತ್ತು, ಅದೂ ನಿನ್ನಿಂದಾಗಲಿಲ್ಲ.

ಇನ್ನು ಆ ಮುದುಕಿಯ ಗಂಗಮ್ಮ. ಪ್ರತಿ ಹಳ್ಳಿಯಲ್ಲೂ ಇಂಥದೊಂದು ಇರುತ್ತದೆ. ನಾನು ಈವರೆಗೆ ನಲವತ್ತು ನೋಡಿದ್ದೇನೆ, ಮೂವತ್ತೊಂಬತ್ತು ಹಿತ್ತಾಳೆ. ರೋಮಿನ ಚಕ್ರವರ್ತಿಗಳ ಚಿನ್ನದ ನಾಣ್ಯ ನಮ್ಮ ಸೀಮೆಯಲ್ಲಿ ಸಿಗುವುದುಂಟು, ಕೊನೆಗಾಲದವರದು ಬಲು ಅಪರೂಪ. ರೆಕ್ಕೆಯ ಹೆಂಗಸು ಅವರ ವಿಜಯದೇವತೆ ಇರಬಹುದು. ಆದರೆ ಅದನ್ನು ನಿರ್ಣಯಿಸುವುದು ಒರೆಗಲ್ಲಿಗೆ ಉಜ್ಜಿದಷ್ಟು ಹಗುರವಲ್ಲ. ಸುತ್ತಲಿನ ಅಕ್ಷರ ಓದಬೇಕು, ಗುರಾಣಿ ಯಾವ ಕೈಯಲ್ಲಿದೆ, ದೇವತೆ ಯಾವ ಕಡೆ ತಿರುಗಿದ್ದಾಳೆ ಎಲ್ಲವನ್ನೂ ನೋಡಬೇಕು. ನಿನಗೆ ಇದನ್ನೆಲ್ಲ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ.

ಆದ್ದರಿಂದ ಹೇಳಿದಷ್ಟು ಮಾಡು. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಕಾಸಿಗೆ ತೆಳ್ಳಗೆ ಸವರು. ಮುದ್ರೆ ಒತ್ತುವ ಹಾಗೆ ಬಿಳಿಯ ಕಾಗದದ ಮೇಲೆ ಎರಡು ಮುಖವನ್ನೂ ಒತ್ತು. ಹಾಗೆ ಒತ್ತಿದರೆ ಎಲ್ಲವೂ ಎಡಬಲ ತಿರುಗಿ ಬೀಳುತ್ತದೆ. ಅದನ್ನು ಸರಿಮಾಡಿಕೊಂಡು ಓದುವುದು ನನಗೆ ಗೊತ್ತು, ನೀನು ತಲೆ ಓಡಿಸಬೇಡ. ಆ ಕಾಗದವನ್ನು ಮಾತ್ರ ಕಳಿಸು. ಅದರ ಜೊತೆಗೆ ಹರಿಕಥೆ ಬೇಡ.

ಇತಿ,
ಕೆ. ಕೋದಂಡರಾಮ್, ಬಿ.ಎ., ಎಲ್.ಟಿ.


ಮುಳಬಾಗಿಲು,
೨೧ ಜನವರಿ ೧೯೩೭

ಪೂಜ್ಯ ಅಣ್ಣನವರಿಗೆ,

ಕಾಗದ ಇದರೊಳಗಿದೆ. ಎರಡು ಮುಖವೂ ಚೆನ್ನಾಗಿ ಮೂಡಿವೆ. ಅದನ್ನು ತೆಗೆಯುವ ಹೊತ್ತಿಗೆ ಇಲ್ಲಿ ಏನೇನಾಯಿತು ಎಂದು ಬರೆಯೋಣವೆಂದಿದ್ದೆ. ನೀವು ಬೇಡವೆಂದಿದ್ದೀರಿ.

ಕೋರ್ಟು ಫೆಬ್ರವರಿ ಎಂಟಕ್ಕೆ.

ನಿಮ್ಮ ತಮ್ಮ,
ಕದಿರಾಚಾರಿ


ಕೋಲಾರ,
೨೮ ಜನವರಿ ೧೯೩೭

ಚಿ. ಕದಿರಾಚಾರಿಗೆ,

ಆಶೀರ್ವಾದ ಬರೆಯಲು ಕೈ ಬರುತ್ತಿಲ್ಲ.

ನಿನ್ನ ಕಾಗದವನ್ನು ಐದು ದಿನ ಮುಂದಿಟ್ಟುಕೊಂಡು ನೋಡಿದೆ. ಒತ್ತಿದ ಅಚ್ಚು ತಿರುಗಿ ಬೀಳುವುದರಿಂದ ಕನ್ನಡಿ ಹಿಡಿದು, ಅದರಲ್ಲಿ ಕಂಡದ್ದನ್ನು ಓದಿದೆ. ಕನ್ನಡಿಯಲ್ಲಿ ಎಲ್ಲವೂ ನೆಟ್ಟಗಾಗಬೇಕಿತ್ತು. ಆಗಲಿಲ್ಲ. ಅಕ್ಷರಗಳೆಲ್ಲ ಬೆನ್ನು ತಿರುಗಿಸಿ ನಿಂತಿವೆ. ಎಡಗೈಯಲ್ಲಿರಬೇಕಾದ ಗುರಾಣಿ ಬಲಗೈಗೆ ಬಂದಿದೆ. ದೇವತೆ ತಿರುಗಬಾರದ ಕಡೆ ತಿರುಗಿದ್ದಾಳೆ. ಅಂದರೆ ಆ ಕಾಸೇ ತಿರುವುಮುರುವು. ರೋಮಿನ ಟಂಕಸಾಲೆಯಲ್ಲಿ ಇಂಥ ತಪ್ಪು ಆಗುವುದಿಲ್ಲ. ಇದು ಯಾವುದೋ ಹಳ್ಳಿಯ ಆಚಾರಿ ಅಸಲಿ ನಾಣ್ಯವನ್ನು ನೋಡಿಕೊಂಡು, ಕಂಡದ್ದನ್ನು ಕಂಡ ಹಾಗೆ ಅಚ್ಚಿನಲ್ಲಿ ಕೆತ್ತಿ ಹೊಡೆದ ನಕಲಿ. ಅಚ್ಚನ್ನು ತಿರುಗಿಸಿ ಕೆತ್ತಬೇಕೆಂಬ ಬುದ್ಧಿ ಇಲ್ಲದವನ ಕೆಲಸ.

ಅಂಥವನೊಬ್ಬನನ್ನು ನಾನು ಬಲ್ಲೆ. ನಿನಗೆ ಹನ್ನೊಂದು ವರ್ಷವಾಗಿದ್ದಾಗ ಶಾನುಭೋಗರ ಮುದ್ರೆಯನ್ನು ನೆಟ್ಟಗೆ ಕೆತ್ತಿ, ಒತ್ತಿದಾಗ ಅವರ ಹೆಸರೇ ತಿರುಗಿ ಬಿದ್ದು, ಅಪ್ಪನ ಕೈಯಲ್ಲಿ ಕೆನ್ನೆಗೆ ತಿಂದೆಯಲ್ಲ, ನೆನಪಿದೆಯೆ? ನಲವತ್ತು ವರ್ಷವಾದರೂ ಅದೇ ತಪ್ಪು. ಕಳ್ಳತನ ಮಾಡುವುದಕ್ಕೂ ಸ್ವಲ್ಪ ವಿದ್ಯೆ ಬೇಕು ಕಣೋ.

ನನ್ನ ಅಭಿಪ್ರಾಯವನ್ನು ಸಹಿ ಮಾಡಿ ಮ್ಯಾಜಿಸ್ಟ್ರೇಟರಿಗೆ ನೇರವಾಗಿ ಕಳಿಸಿದ್ದೇನೆ: 'ಇದು ಪ್ರಾಚೀನ ನಾಣ್ಯವಲ್ಲ. ಈಚಿನ ಕೈಗೆಲಸ.' ಯಾರು ಮಾಡಿದರೆಂದು ಬರೆದಿಲ್ಲ. ಅಷ್ಟು ಮಾತ್ರ ದಾಕ್ಷಿಣ್ಯ ತೋರಿಸಿದ್ದೇನೆ. ಒಡಹುಟ್ಟಿದವನೆಂಬ ಮೋಹಕ್ಕೆ ಸತ್ಯವನ್ನು ಬಲಿಕೊಡುವವನು ನಾನಲ್ಲ. ಊರಿನವರು ಅದನ್ನು ಮೆಚ್ಚುತ್ತಾರೆ, ನೀನು ಮೆಚ್ಚಬೇಕಾಗಿಲ್ಲ.

ಇತಿ,
ಕೆ. ಕೋದಂಡರಾಮ್, ಬಿ.ಎ., ಎಲ್.ಟಿ.


ಮುಳಬಾಗಿಲು,
೩ ಮಾರ್ಚ್ ೧೯೩೭

ಭಾವನವರಿಗೆ ಆದಿಲಕ್ಷ್ಮಿ ತಿಳಿಸುವುದು.

ನಾನು ನಿಮ್ಮ ತಮ್ಮನ ಹೆಂಡತಿ. ನಾಲ್ಕನೆಯ ಕ್ಲಾಸಿನವರೆಗೆ ಓದಿದ್ದೇನೆ, ತಪ್ಪಿದ್ದರೆ ಕೆಂಪು ಇಂಕಿನಲ್ಲಿ ತಿದ್ದಿಕೊಳ್ಳಿ. ಅವರಿಗೆ ಆರು ತಿಂಗಳು ಜೈಲಾಯಿತು. ಮ್ಯಾಜಿಸ್ಟ್ರೇಟರು ನಿಮ್ಮ ಅಭಿಪ್ರಾಯವನ್ನು ಕೋರ್ಟಿನಲ್ಲಿ ಗಟ್ಟಿಯಾಗಿ ಓದಿಸಿ, "ಒಡಹುಟ್ಟಿದವರೇ ಹೀಗೆ ಬರೆದ ಮೇಲೆ ನಾನೇನು ಮಾಡಲಿ" ಎಂದರು. ಬೇರೆ ಯಾರು ಬರೆದಿದ್ದರೂ ಇನ್ನೊಂದು ಸಲ ವಿಚಾರಿಸುತ್ತಿದ್ದರೇನೋ.

ಇವರು ನಿಮಗೆ ಹೇಳಲಾಗದೆ ಉಳಿದದ್ದನ್ನು ನಾನು ಬರೆಯುತ್ತೇನೆ. ಹರಿಕಥೆ ಬೇಡವೆಂದಿದ್ದೀರಂತೆ. ಕೇಳಲೇಬೇಕು.

ಆವತ್ತು ಕಚೇರಿಯಲ್ಲಿ ಇವರು ಕಾಸಿಗೆ ಮಸಿ ಸವರಲು ಬಟ್ಟೆ ಅದ್ದಿದ್ದೇ ತಡ, ಮುನಿಯಲ್ಲಮ್ಮ ಓಡಿಬಂದು ಕೈ ಹಿಡಿದುಕೊಂಡಳು. "ಅಯ್ಯೋ ಸಾಮಿ, ನಮ್ಮಮ್ಮನ ಮಕಕ್ಕೆ ಮಸಿ ಬಳಿತೀರಾ? ಬೇಕಾದ್ರೆ ನನ್ನ ಮಕಕ್ಕೆ ಬಳೀರಿ, ಊರೆಲ್ಲ ತಿರುಗ್ತೀನಿ. ಅಮ್ಮಂಗೆ ಮಾತ್ರ ಬ್ಯಾಡ" ಎಂದು ನೆಲಕ್ಕೆ ಬಿದ್ದಳು. ಗುಮಾಸ್ತರೂ ಹಿಂಜರಿದರು. ಆಗ ಇವರು ಮಸಿ ಪಕ್ಕಕ್ಕಿಟ್ಟು, ಕಾಸಿನ ಮೇಲೆ ತೆಳುವಾದ ಕಾಗದ ಹೊದಿಸಿ, ಕಾಗದದ ಮೇಲೆ ಇದ್ದಿಲ ಪುಡಿಯಿಂದ ಮೆಲ್ಲಗೆ ಉಜ್ಜಿದರು. ಕೆಳಗಿನ ಉಬ್ಬೆಲ್ಲ ಮೇಲೆ ಕಪ್ಪಾಗಿ ಮೂಡಿತು. ಅಮ್ಮನಿಗೆ ಮಸಿಯೂ ತಾಕಲಿಲ್ಲ, ನಿಮ್ಮ ಕೆಲಸವೂ ಆಯಿತು.

ಭಾವನವರೇ, ಒತ್ತಿದರೆ ತಿರುಗುತ್ತದೆ. ಹೊದಿಸಿ ಉಜ್ಜಿದರೆ ತಿರುಗುವುದಿಲ್ಲ. ಅಕ್ಕಸಾಲಿಗರ ಮನೆಯ ಕೂಸಿಗೂ ಇದು ಗೊತ್ತು, ನೀವೂ ಆ ಮನೆಯಲ್ಲೇ ಹುಟ್ಟಿದವರು. ನೆಟ್ಟಗಿದ್ದ ಕಾಗದಕ್ಕೆ ನೀವು ಕನ್ನಡಿ ಹಿಡಿದು ತಿರುಗಿಸಿದಿರಿ. ಆಚಾರಿಗೆ ಅಷ್ಟು ಬುದ್ಧಿ ಎಲ್ಲಿಂದ ಬಂದೀತು ಎಂದುಕೊಂಡಿರಿ. ಆ ಕನ್ನಡಿಯನ್ನು ಪಕ್ಕಕ್ಕಿಟ್ಟು ಇನ್ನೊಂದು ಸಲ ನೋಡಿ. ನೋಡಿದ್ದನ್ನು ಬರೆಯಿರಿ.

ಆದಿಲಕ್ಷ್ಮಿ


ಕೋಲಾರ,
೯ ಮಾರ್ಚ್ ೧೯೩೭

ಚಿ. ಸೌ. ಆದಿಲಕ್ಷ್ಮಿಗೆ ಆಶೀರ್ವಾದ.

ನಿನ್ನ ಕಾಗದದ ಧಾಟಿ ಹೆಂಗಸಿಗೆ ತಕ್ಕದ್ದಲ್ಲ. ಅದಿರಲಿ. ನೀನು ಹೇಳಿದಂತೆ ನೋಡಿದೆ.

ಅಕ್ಷರಗಳು ನೆಟ್ಟಗಿವೆ. ಗುರಾಣಿ ಎಡಗೈಯಲ್ಲೇ ಇದೆ. ದೇವತೆ ಉದ್ದನೆಯ ಶಿಲುಬೆ ಹಿಡಿದು ತಿರುಗಬೇಕಾದ ಕಡೆಗೇ ತಿರುಗಿ ನಿಂತಿದ್ದಾಳೆ. ದೊರೆಯ ಸುತ್ತ ಓದುತ್ತ ಹೋದೆ. ಮೂರು ಸಲ ಓದಿದೆ. ಬೆಸಿಲಿಸ್ಕಸ್! ಈ ಹೆಸರು ನಿನಗೆ ಏನೂ ಅಲ್ಲ. ರೋಮಿನ ಸಿಂಹಾಸನವನ್ನು ಕಸಿದುಕೊಂಡು ಇಪ್ಪತ್ತೇ ತಿಂಗಳು ಆಳಿದವನು. ಹಳೆಯ ದೊರೆ ಹಿಂದಿರುಗಿ ಬಂದು, ನಿನ್ನ ರಕ್ತ ಹರಿಸುವುದಿಲ್ಲವೆಂದು ಇವನಿಗೆ ಮಾತು ಕೊಟ್ಟು, ಹೆಂಡತಿ ಮಕ್ಕಳ ಸಮೇತ ನೀರಿಲ್ಲದ ತೊಟ್ಟಿಯೊಂದರಲ್ಲಿ ಕೂಡಿಹಾಕಿ ಹಸಿವಿನಿಂದ ಸಾಯಿಸಿದ. ಪಾಪದ ಮನುಷ್ಯ. ಇಪ್ಪತ್ತೇ ತಿಂಗಳು ಆಳಿದವನ ನಾಣ್ಯ ಎಷ್ಟು ಇದ್ದೀತು? ಅದು ಸಮುದ್ರ ದಾಟಿ ಶ್ರೀನಿವಾಸಪುರದ ಹಗೇವಿನಲ್ಲಿ ಬಿದ್ದಿತ್ತೆಂದರೆ! ನನ್ನ ಜೀವಮಾನದಲ್ಲಿ ಇಂಥದು ಕಣ್ಣಿಗೆ ಬಿದ್ದಿರಲಿಲ್ಲ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಕಾಸು ಈಗ ಎಲ್ಲಿದೆ? ತಕ್ಷಣ ತಿಳಿಸು. ಕೊಂಡಿ ಹಾಕುವುದಕ್ಕೆ ಅವನು ಅದನ್ನು ಕಾಯಿಸಿಲ್ಲ ತಾನೆ? ಯಾರೂ ಹುಣಸೆಹಣ್ಣು ಹಾಕಿ ಉಜ್ಜದಂತೆ ನೋಡಿಕೊಳ್ಳಿ. ತೂತುಗಳಿರುವುದು ಒಂದು ನೋವಿನ ಸಂಗತಿ, ನಮ್ಮ ಜನಕ್ಕೆ ಕೊರೆಯದಿದ್ದರೆ ಕೈ ಕಡಿಯುತ್ತದೆ.

ಉಜ್ಜಿ ತೆಗೆದೆನೆಂದು ಅವನು ಒಂದು ಸಾಲು ಬರೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಅವನ ವಿಷಯವನ್ನು ಯೋಚಿಸುತ್ತೇನೆ.

ಇತಿ,
ಕೆ. ಕೋದಂಡರಾಮ್, ಬಿ.ಎ., ಎಲ್.ಟಿ.


ಮುಳಬಾಗಿಲು,
೧೫ ಮಾರ್ಚ್ ೧೯೩೭

ಭಾವನವರಿಗೆ,

ನಿಮ್ಮ ಚಿನ್ನದ ದೊರೆ ಈಗಿಲ್ಲ. ಜಪ್ತಿಯಾದ ಚಿನ್ನವನ್ನೆಲ್ಲ ಹೋದ ತಿಂಗಳೇ ಒಟ್ಟಿಗೆ ಕರಗಿಸಿದರಂತೆ. ನಕಲಿ ಎಂದು ನೀವೇ ಬರೆದುಕೊಟ್ಟ ಮೇಲೆ ಅದನ್ನು ಯಾರು ಬೇರೆ ಇಡುತ್ತಾರೆ? ನೀವು ಉಜ್ಜಬೇಡಿ ಎಂದು ಬರೆಯುವಾಗ ಅದು ಗಟ್ಟಿಯಾಗಿ ಹದಿನೈದು ದಿನವಾಗಿತ್ತು.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ದೊರೆಗೆ ಮುಕ್ಕಾಲು ಪುಟ, ಕಾಸಿನ ತೂತಿಗೆ ಎರಡು ಸಾಲು, ತಮ್ಮನಿಗೆ ಕಡೆಯ ಒಂದು ಸಾಲು. ಅದರಲ್ಲೂ ತಪ್ಪು ಅವರದೇ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋದು ಇದಕ್ಕೇ. ಒಣಗಿದ ತೊಟ್ಟಿಯಲ್ಲಿ ಸತ್ತವನಿಗೆ ಪಾಪ ಎಂದಿದ್ದೀರಿ. ಅವನು ಸತ್ತು ಎಷ್ಟು ನೂರು ವರ್ಷವಾಯಿತೋ ನನಗೆ ತಿಳಿಯದು. ನಿಮ್ಮ ತಮ್ಮ ಇರುವ ಜೈಲು ನಿಮ್ಮ ಮನೆಯಿಂದ ಅರ್ಧ ಮೈಲಿ. ಒಂದು ದಿನವಾದರೂ ಹೋಗಿ ಮಾತಾಡಿಸಿದಿರಾ?

ಹೆಚ್ಚು ಕೇಳುವುದಿಲ್ಲ. ಅಪೀಲು ಹಾಕಿಸಿದ್ದೇನೆ, ಏಪ್ರಿಲ್ ಎರಡಕ್ಕೆ ಕೋಲಾರದಲ್ಲೇ ವಿಚಾರಣೆ. ನೀವು ಮುಳಬಾಗಿಲಿಗೆ ಬರುವುದು ಬೇಡ, ಕೋರ್ಟೇ ನಿಮ್ಮ ಬೀದಿಗೆ ಬಂದಿದೆ. ಬಂದು ನಿಂತು, "ನಾನು ತಪ್ಪಾಗಿ ನೋಡಿದೆ, ಅದು ಹಳೆಯ ನಾಣ್ಯವೇ" ಎಂದು ಹೇಳಿ ಹೋಗಿ. ಅಷ್ಟಕ್ಕೆ ಇವರು ಅದೇ ದಿನ ಹೊರಗೆ ಬರುತ್ತಾರೆ, ಹೆಸರೂ ಉಳಿಯುತ್ತದೆ ಎಂದು ವಕೀಲರು ಹೇಳಿದ್ದಾರೆ.

ಆದಿಲಕ್ಷ್ಮಿ


ಕೋಲಾರ,
೨೪ ಮಾರ್ಚ್ ೧೯೩೭

ಚಿ. ಸೌ. ಆದಿಲಕ್ಷ್ಮಿಗೆ,

ಕರಗಿಸಿದರೆಂಬ ಸುದ್ದಿ ಓದಿ ಎರಡು ದಿನ ಅನ್ನ ಸೇರಲಿಲ್ಲ. ಎಂಥ ದೇಶದಲ್ಲಿ ಹುಟ್ಟಿದೆವು! ಸಾವಿರದ ನಾನೂರು ವರ್ಷ ಮಣ್ಣು ಕಾಪಾಡಿದ್ದನ್ನು ಒಬ್ಬ ಗುಮಾಸ್ತ ಒಂದು ಮಧ್ಯಾಹ್ನದಲ್ಲಿ ಮುಗಿಸಿದ. ಈಗ ಆ ನಾಣ್ಯಕ್ಕೆ ಇರುವ ಏಕೈಕ ಸಾಕ್ಷಿ ನನ್ನ ಮೇಜಿನ ಮೇಲಿರುವ ಕಾಗದ.

ಕೋರ್ಟಿಗೆ ಬರುವುದರ ಬಗ್ಗೆ ಚೆನ್ನಾಗಿ ಯೋಚಿಸಿದೆ. ಸಾಧುವಲ್ಲ. ಅಲ್ಲಿ ವಾದಿಸುವ ಸರ್ಕಾರಿ ವಕೀಲ ಸುಬ್ಬರಾಯಪ್ಪ ನನ್ನ ಹಳೆಯ ವಿದ್ಯಾರ್ಥಿ. ಅಕ್ಬರನಿಗೂ ಔರಂಗಜೇಬನಿಗೂ ವ್ಯತ್ಯಾಸ ತಿಳಿಯದ ದಡ್ಡ. ಅವನು ಎದ್ದು ನಿಂತು, "ಮೇಷ್ಟ್ರೇ, ನಿಮಗೆ ನೆಟ್ಟಗಿರೋದೂ ಉಲ್ಟಾ ಕಾಣುತ್ತಾ?" ಎಂದು ಕೇಳಿದರೆ ಇಡೀ ಬಾರ್ ರೂಮು ನಗುತ್ತದೆ. ಅವನಿಗೆ ಹಾಗೆ ಕೇಳುವ ಅವಕಾಶವನ್ನು ನಾನು ಕೊಡಲಾರೆ. ಉಳಿದಿರುವುದು ನಾಲ್ಕು ತಿಂಗಳು. ಕದಿರ ಗಟ್ಟಿ ಆಳು, ಬೆಂಕಿಯ ಮುಂದೆ ಕೂತು ಬೆಳೆದವನು.

ಆದರೂ ಮನೆಯವರೆಂದು ಒಂದು ಹೇಳಿಕೆಯ ಕರಡು ಇಟ್ಟಿದ್ದೇನೆ. 'ಕಳುಹಿಸಲ್ಪಟ್ಟ ಕಾಗದವು ಸೂಚಿಸಿದ ವಿಧಾನದಲ್ಲಿ ತಯಾರಾಗಿರದ ಕಾರಣ ಅಭಿಪ್ರಾಯದಲ್ಲಿ ಕೊಂಚ ವ್ಯತ್ಯಾಸ ಉಂಟಾಗಿರಬಹುದು.' ಇದನ್ನು ವಕೀಲರಿಗೆ ತೋರಿಸು. ಅವರು ಒಪ್ಪಿದರೆ ಸಹಿ ಹಾಕುವುದನ್ನು ಯೋಚಿಸೋಣ.

ಇತಿ,
ಕೆ. ಕೋದಂಡರಾಮ್


ಮುಳಬಾಗಿಲು,
೫ ಏಪ್ರಿಲ್ ೧೯೩೭

ಭಾವನವರಿಗೆ,

ಅಪೀಲು ವಜಾ ಆಯಿತು.

ನಿಮ್ಮ ಕರಡನ್ನು ನಾನು ಯಾರಿಗೂ ತೋರಿಸಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅದನ್ನು ಕೋರ್ಟಿಗೆ ಹೇಳುವುದೇನು? ಆ ದೊರೆಯ ಹೆಸರು ಹೇಳಿ ನೀವು ಬರೆದಿದ್ದ ಮಾರ್ಚ್ ಒಂಬತ್ತರ ಕಾಗದವನ್ನು ವಕೀಲರು ಜಡ್ಜಿಗೆ ಕೊಟ್ಟರು. ಜಡ್ಜಿ ಓದಿ, "ಇದು ತಮ್ಮನ ಹೆಂಡತಿಯ ಸಮಾಧಾನಕ್ಕೆ ಬರೆದ ಮನೆಯ ಕಾಗದ. ನಿಜವಾಗಿದ್ದರೆ ಅವರೇ ಬಂದು ಹೇಳುತ್ತಿದ್ದರು. ಇಲ್ಲೇ ಇದ್ದಾರಲ್ಲ" ಎಂದರು. ಸುಬ್ಬರಾಯಪ್ಪನವರು ನಗಲಿಲ್ಲ. ಅವರು ಎದ್ದು, ಮೇಷ್ಟರು ಬಂದರೆ ತಾವು ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ, ಬೇಕಾದರೆ ಊಟದ ಹೊತ್ತಿನವರೆಗೆ ಕಾಯೋಣ ಎಂದರು. ನೀವು ದಡ್ಡನೆಂದ ಮನುಷ್ಯ.

ಎರಡು ಗಂಟೆಯವರೆಗೆ ಕಾದರು. ಇವರು ಕಟಕಟೆಯಲ್ಲಿ ನಿಂತು ಬಾಗಿಲನ್ನೇ ನೋಡುತ್ತಿದ್ದರು. ಛತ್ರಿ ಹಿಡಿದವರು ಯಾರು ಒಳಗೆ ಬಂದರೂ ಕತ್ತು ಎತ್ತುತ್ತಿದ್ದರು. ಅದನ್ನು ನೋಡಿದ ಮೇಲೆ ನಿಮಗೆ ಬರೆಯುವುದು ನನಗೆ ಏನೂ ಉಳಿದಿಲ್ಲ.

ಆದಿಲಕ್ಷ್ಮಿ


ಕೋಲಾರ,
೧೮ ನವೆಂಬರ್ ೧೯೩೭

ಚಿ. ಕದಿರಾಚಾರಿಗೆ ಆಶೀರ್ವಾದ.

ಆಗಸ್ಟಿನಲ್ಲಿ ನೀನು ಮನೆಗೆ ಬಂದೆಯೆಂದು ತಿಳಿಯಿತು, ಸಂತೋಷ. ಕೆಲಸ ಸಿಗುತ್ತಿಲ್ಲವೆಂದೂ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿರುವೆಯೆಂದೂ ಹೇಳಿದರು. ದುಡಿಮೆಯಲ್ಲಿ ಮೇಲು ಕೀ‍ಳು ಇಲ್ಲ.

ಇದರ ಜೊತೆಗೆ ಒಂದು ಪುಸ್ತಕ ಕಳಿಸಿದ್ದೇನೆ. ವಿದ್ವಾಂಸರ ಸಭೆಯೊಂದು ಬೆಂಗಳೂರಿನಿಂದ ಹೊರಡಿಸುವ ಇಂಗ್ಲಿಷ್ ಪತ್ರಿಕೆ. ನಲವತ್ತೊಂದನೆಯ ಪುಟ ತೆಗೆದು ಯಾರಿಂದಲಾದರೂ ಓದಿಸಿಕೋ. 'ಕೋಲಾರ ಜಿಲ್ಲೆಯಲ್ಲಿ ಬೆಸಿಲಿಸ್ಕಸ್ ಚಕ್ರವರ್ತಿಯ ಸುವರ್ಣ ನಾಣ್ಯ' ಎಂಬ ನನ್ನ ಲೇಖನವಿದೆ. ನಿನ್ನ ಕಾಗದವನ್ನೇ ಬ್ಲಾಕ್ ಮಾಡಿಸಿ ಅಚ್ಚು ಹಾಕಿದ್ದಾರೆ, ಬಹಳ ಸ್ಪಷ್ಟವಾಗಿ ಬಂದಿದೆ. ಮದರಾಸಿನಿಂದ ಇಬ್ಬರು ಪ್ರೊಫೆಸರುಗಳು ಅಭಿನಂದಿಸಿ ಬರೆದಿದ್ದಾರೆ. ನಿನ್ನ ಹೆಸರು ಹಾಕುವ ಮನಸ್ಸಿತ್ತು. ಕೇಸಿನ ಸಂಗತಿ ಅಂಥ ಜಾಗದಲ್ಲಿ ಶೋಭಿಸುವುದಿಲ್ಲವಾದ್ದರಿಂದ, 'ಮೂಲ ನಾಣ್ಯವು ಸ್ಥಳೀಯರ ಅಜ್ಞಾನದಿಂದ ನಾಶವಾಯಿತು' ಎಂದಷ್ಟೇ ಬರೆದೆ.

ಹಳೆಯದನ್ನು ಮರೆತು ಒಮ್ಮೆ ಬಂದು ಹೋಗು.

ಇತಿ,
ಕೆ. ಕೋದಂಡರಾಮ್, ಬಿ.ಎ., ಎಲ್.ಟಿ.


ಮುಳಬಾಗಿಲು,
೧೪ ಡಿಸೆಂಬರ್ ೧೯೩೭

ಕೋದಂಡರಾಮ್ ಮೇಷ್ಟರಿಗೆ ಕದಿರಾಚಾರಿ ಬರೆಯುವುದು.

ಪುಸ್ತಕ ತಲುಪಿತು. ಇಲ್ಲಿನ ಸ್ಕೂಲಿನ ಮೇಷ್ಟರ ಹತ್ತಿರ ಓದಿಸಿಕೊಂಡೆ. ಚೆನ್ನಾಗಿ ಬರೆದಿದ್ದೀರಿ. ಆ ದೊರೆಯ ಟೊಪ್ಪಿಗೆಯಿಂದ ಹಿಡಿದು ಅಮ್ಮನ ರೆಕ್ಕೆಯ ಗರಿಯವರೆಗೆ ಒಂದನ್ನೂ ಬಿಟ್ಟಿಲ್ಲ. ಹನ್ನೊಂದು ಪುಟದಲ್ಲಿ ಬಿಟ್ಟದ್ದು ಒಂದೇ ಸಂಗತಿ, ಅದು ನಕಲಿಯೆಂದು ಮೊದಲು ಬರೆದುಕೊಟ್ಟವರು ಯಾರೆಂಬುದು.

ಪುಸ್ತಕ ಹಿಡಿದುಕೊಂಡು ಮುನಿಯಲ್ಲಮ್ಮನ ಊರಿಗೆ ಹೋಗಿದ್ದೆ. ಜೈಲಿನಿಂದ ಬಂದ ಮೇಲೆ ಅವಳ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಅವಳು ಬೈಯಲಿಲ್ಲ. ಚಿತ್ರ ತೋರಿಸಿದೆ. ಕೈಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಇಷ್ಟು ಚೆಂದಾಗಿ ಕಾಣ್ತಾಳಲ್ಲ ಆಚಾರಿ, ನಿಮ್ಮಣ್ಣಂಗೆ ಆವತ್ತು ಕಣ್ಣು ಹೋಗಿತ್ತಾ? ಓದಿದೋರು ಅಂತೀಯ" ಎಂದು ಕೇಳಿದಳು. ಐವತ್ತು ವರ್ಷ ನಿಮ್ಮನ್ನು ದೊಡ್ಡವರೆಂದು ತಿಳಿದಿದ್ದೆ. ಅಪ್ಪ ನನ್ನನ್ನು ಬೆಂಕಿಯ ಮುಂದೆ ಕೂರಿಸಿ ನಿಮ್ಮನ್ನು ಓದಿಸಿದಾಗಲೂ, ಮನೆಯಲ್ಲಿ ಒಬ್ಬನಾದರೂ ತಿಳಿದವನಾಗಲಿ ಎಂದುಕೊಂಡೆನೇ ಹೊರತು ಹೊಟ್ಟೆಕಿಚ್ಚು ಪಡಲಿಲ್ಲ. ಈಗ ನಿಮ್ಮ ಮೇಲೆ ಸಿಟ್ಟೂ ಬರುತ್ತಿಲ್ಲ. ಹೇಸಿಗೆ ಮಾತ್ರ.

ಮುಖ್ಯ ವಿಷಯ ಇನ್ನೂ ಇದೆ. ಆದಿಲಕ್ಷ್ಮಿ ಆ ಪುಸ್ತಕವನ್ನು ನಮ್ಮ ವಕೀಲರಿಗೆ ಕೊಟ್ಟಳು. ಅವರು ಕುರ್ಚಿಯಿಂದ ಎದ್ದು ನಿಂತು ಓದಿದರು. ಮನೆಯ ಕಾಗದ ಎಂದು ಜಡ್ಜಿ ಬದಿಗಿಟ್ಟಿದ್ದರಲ್ಲ, ಇದು ಮನೆಯ ಕಾಗದವಲ್ಲ. ಅಚ್ಚಾಗಿದೆ, ಚಿತ್ರವಿದೆ, ಕೆಳಗೆ ನಿಮ್ಮ ಹೆಸರೂ ಡಿಗ್ರಿಯೂ ಇವೆ. ಬೆಂಗಳೂರಿನ ಮೇಲಿನ ಕೋರ್ಟಿಗೆ ಅರ್ಜಿ ಹಾಕಿದರು. ಕೇಸನ್ನು ಮತ್ತೆ ತೆರೆಯಬೇಕೆಂದು ಹೋದ ವಾರ ಹುಕುಂ ಆಯಿತು. ನನ್ನನ್ನು ಬಿಡಿಸಲು ನೀವು ಒಂದು ಸಾಲಿಗೂ ಸಹಿ ಹಾಕಲಿಲ್ಲ. ನಿಮ್ಮ ಹೆಸರು ಮೆರೆಯಲಿ ಎಂದು ಬರೆದದ್ದೇ ನನ್ನನ್ನು ಕಳ್ಳನೆಂಬ ಹೆಸರಿನಿಂದ ಬಿಡಿಸುತ್ತದೆ.

ವಿಚಾರಣೆ ಜನವರಿ ಹತ್ತಕ್ಕೆ, ಕೋಲಾರದಲ್ಲಿ. ಒಂದು ಕೈಯಲ್ಲಿ ನೀವು ಮ್ಯಾಜಿಸ್ಟ್ರೇಟರಿಗೆ ಕಳಿಸಿದ ಅಭಿಪ್ರಾಯ, ಇನ್ನೊಂದು ಕೈಯಲ್ಲಿ ಈ ಪುಸ್ತಕ ಹಿಡಿದು, ಎರಡರಲ್ಲಿ ಸುಳ್ಳು ಯಾವುದೆಂದು ನಿಮ್ಮನ್ನು ಕೇಳುತ್ತಾರಂತೆ. ಹೋದ ಸಲ ನೀವು ಬಂದೀರೆಂದು ಎರಡು ಗಂಟೆಯವರೆಗೆ ಬಾಗಿಲು ನೋಡಿದೆ. ಈ ಸಲ ನೋಡುವುದಿಲ್ಲ. ಸಮನ್ಸು ಹೊರಟಿದೆ, ಕೋರ್ಟಿನ ಜವಾನ ಬಂದು ನಿಮ್ಮನ್ನು ಕರೆದುಕೊಂಡು ಹೋಗುತ್ತಾನೆ.

ಇತಿ,
ಕದಿರಾಚಾರಿ